ಗೇಜು ಮುಚ್ಚಿಡುವಂತೆ ಮಾಡಬೇಡಿ

ಪ್ರಶ್ನೆ: ನಾವು ಹುಬ್ಬಳ್ಳಿಯ ಆರು ಜನ ಗೆಳೆಯರು. ಎಲ್ಲರೂ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದ್ದೇವೆ. ನಾಲ್ಕು ವರ್ಷದಿಂದ ಪ್ರತಿ ಸೀಸನ್ನಿನಲ್ಲಿ ಎರಡು ಮೂರು ಸಲ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡುತ್ತೇವೆ. ಕಳೆದ ವರ್ಷ ನಮ್ಮಲ್ಲೊಬ್ಬ ಹೊರದೇಶದಲ್ಲಿ ಬೇರೆ ಶೈಲಿಯ ಕೋರ್ಸ್ ಮಾಡಿ ಬಂದ. ಬೆನ್ನಿಗೆ ಜಾಕೆಟ್ ಬದಲು ಸ್ಟೀಲ್ ಪ್ಲೇಟು, ಬಾಯಿಗೆ ಗಾಳಿ ತರಲು ಎರಡು ಮೀಟರ್ ಉದ್ದದ ಹೋಸು. ಈಗ ನಮ್ಮ ಸಾಮಾನು, ನಾವು ಕಾಲು ಬಡಿಯುವ ರೀತಿ, ಎಲ್ಲವೂ ತಪ್ಪು ಅನ್ನುತ್ತಾನೆ. ಇನ್ನೊಬ್ಬ ಕ್ಯಾಮೆರಾ ಹಿಡಿದು ಒಂದೇ ಕಲ್ಲಿನ ಮುಂದೆ ಹತ್ತು ನಿಮಿಷ ನಿಲ್ಲುತ್ತಾನೆ. ನನಗೆ ಗಾಳಿ ಬೇಗ ಮುಗಿಯುತ್ತದೆ, ನನ್ನಿಂದಾಗಿ ಎಲ್ಲರೂ ಬೇಗ ಮೇಲೆ ಬರಬೇಕಲ್ಲ ಅಂತ ಮುಜುಗರ. ನಾವೂ ಅವನ ಪ್ಲೇಟು ನೋಡಿ ನಕ್ಕಿದ್ದೇವೆ, ಸುಳ್ಳು ಹೇಳುವುದಿಲ್ಲ. ಮಾರ್ಚ್‌ನಲ್ಲಿ ಬೋಟಿನ ಮೇಲೆ ಜೋರು ಜಗಳವಾಯಿತು. ವಾಪಸ್ ಬರುವಾಗಲೂ ತಕರಾರು. ಎರಡು ಡೈವ್ ಮುಗಿಸಿ ಅದೇ ಸಂಜೆ ಘಾಟ್ ಹತ್ತಬಾರದು ಅಂತ ಅವನು, ಸೋಮವಾರ ಆಫೀಸಿದೆ ಅಂತ ನಾವು. ಅಲ್ಲಿಂದ ಗುಂಪು ಎರಡು ಪಾಲಾಗಿದೆ. ಯಾರು ಸರಿ? ಒಟ್ಟಿಗೆ ಹೋಗೋದನ್ನೇ ಬಿಡಬೇಕಾ?

ಉತ್ತರ: ಬಿಡಬೇಡಿ. ಆರು ಜನ ನಾಲ್ಕು ವರ್ಷ ಒಟ್ಟಿಗೆ ನೀರಿಗಿಳಿದಿದ್ದೀರಿ ಅಂದರೆ ಮಾಸ್ಕಿನ ಹಿಂದಿನ ಕಣ್ಣು ನೋಡಿಯೇ ಯಾರಿಗೆ ಏನಾಗುತ್ತಿದೆ ಅಂತ ನಿಮಗೆ ಗೊತ್ತಾಗುತ್ತದೆ. ಹೊಸ ಜೊತೆಗಾರರು ಎಲ್ಲಿ ಬೇಕಾದರೂ ಸಿಗುತ್ತಾರೆ. ಆ ಗುರುತು ಸಿಗಲು ಮತ್ತೆ ನಾಲ್ಕು ವರ್ಷ ಬೇಕು.

ಯಾರು ಸರಿ ಅಂತ ಕೇಳಿದ್ದೀರಿ. ಪ್ಲೇಟು, ಹೋಸಿನ ವಿಷಯದಲ್ಲಿ ಎರಡೂ ಕಡೆಯವರು ಸರಿ. ಘಾಟಿನ ವಿಷಯದಲ್ಲಿ ನಿಮ್ಮ ಗೆಳೆಯರೊಬ್ಬರೇ ಸರಿ. ಎರಡನ್ನೂ ಬಿಡಿಸಿ ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಹಚ್ಚಿದ ಸಾಲು ಬೇರೆ. ಗಾಳಿ ಬೇಗ ಮುಗಿಯುವುದು ನಿಮಗೆ ಮುಜುಗರ ಅಂತ ಬರೆದಿದ್ದೀರಲ್ಲ, ಆ ಸಾಲು. ಅಲ್ಲಿಂದಲೇ ಶುರು ಮಾಡೋಣ.

ಒಂದು ಸಲ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಸಾಮಾನ್ಯವಾಗಿ ಸಿಗೋದು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್. 200 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತುಂಬಿದರೆ ಸುಮಾರು 2200 ಲೀಟರ್ ಗಾಳಿ. ಕೊನೆಯ 50 ಬಾರ್ ಮೀಸಲು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಉಳಿದದ್ದು 1650 ಲೀಟರ್. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಾಗ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತಾ ಹೋಗುತ್ತದೆ. 20 ಮೀಟರ್ ಆಳದಲ್ಲಿ ಮೇಲಿನ ಮೂರು ಪಟ್ಟು ಒತ್ತಡ, ಹಾಗಾಗಿ ಮೂರು ಪಟ್ಟು ಗಾಳಿ ಖರ್ಚು. ದಡದ ಮೇಲೆ ನಿಮಿಷಕ್ಕೆ 12 ಲೀಟರ್ ಉಸಿರಾಡುವವರಿಗೆ ಅಲ್ಲಿ 36 ಲೀಟರ್ ಬೇಕು. 20 ಲೀಟರ್ ಉಸಿರಾಡುವವರಿಗೆ 60. ಮೊದಲನೆಯವರಿಗೆ 45 ನಿಮಿಷ ಸಿಕ್ಕರೆ ಎರಡನೆಯವರಿಗೆ 27 ನಿಮಿಷ. ಇಬ್ಬರ ಸಿಲಿಂಡರೂ ಒಂದೇ. ಇಬ್ಬರಲ್ಲಿ ಯಾರೂ ತಪ್ಪು ಮಾಡಿಲ್ಲ. ದೊಡ್ಡ ಮೈಯವರಿಗೆ ಜಾಸ್ತಿ ಗಾಳಿ ಬೇಕೇ ಬೇಕು. ಮುಳುಗಲು ಅಂತ ಸೊಂಟಕ್ಕೆ ಸೀಸ ಜಾಸ್ತಿ ಕಟ್ಟಿಕೊಂಡವರಿಗೆ, ಕೈ ಬೀಸುತ್ತಾ ಈಜುವವರಿಗೆ, ಒಳಗೊಳಗೇ ಹೆದರಿದವರಿಗೆ ಇನ್ನೂ ಜಾಸ್ತಿ ಬೇಕು.

ಕೆಲವು ವರ್ಷದ ಹಿಂದೆ ಒಂದು ಗುಂಪನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಕಡೆಯವರೇ. ಮೊದಲ ಡೈವ್‌ನಲ್ಲಿ ಒಬ್ಬರ ಗಾಳಿ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಬೋಟಿಗೆ ಬಂದ ಮೇಲೆ ಗೆಳೆಯರು ಬಕಾಸುರ ಅಂತ ಹೆಸರಿಟ್ಟರು. ಅವರೂ ನಕ್ಕರು. ನಾನೂ ಸುಮ್ನೆ ಇದ್ದೆ, ಅದು ನನ್ನ ತಪ್ಪು. ಎರಡನೇ ಡೈವ್‌ನಲ್ಲಿ ಇಪ್ಪತ್ತನೇ ನಿಮಿಷಕ್ಕೆ ಎಷ್ಟಿದೆ ಅಂತ ಸನ್ನೆ ಮಾಡಿ ಕೇಳಿದೆ. 100 ಅಂತ ತೋರಿಸಿದರು. ಮುಂದೆ ಹೋದೆವು. ಆದರೆ ಅವರ ಎಡ ಮೊಣಕೈ ಪಕ್ಕೆಗೆ ಒತ್ತಿಕೊಂಡೇ ಇತ್ತು. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಅಂತ ತೋರಿಸುವ ಗೇಜಿನ ಹೋಸು ಅದರ ಕೆಳಗೆ ಹೋಗಿತ್ತು. ಆ ಕೈ ಒಂದು ಸಲವೂ ಸಡಿಲವಾಗಲಿಲ್ಲ. ಹತ್ತಿರ ಹೋಗಿ ಕೈ ಎತ್ತಿಸಿ ಗೇಜು ತಿರುಗಿಸಿದೆ. ಮುಳ್ಳು ಕೆಂಪಿನೊಳಗಿತ್ತು. 40 ಬಾರ್. ಆಳ 16 ಮೀಟರ್. ನನ್ನ ಆಕ್ಟೊಪಸ್ (ಜೊತೆಗಾರರಿಗೆ ಕೊಡಲು ಅಂತ ಇರುವ, ಬಾಯಿಗೆ ಹಾಕಿ ಉಸಿರಾಡುವ ಇನ್ನೊಂದು ರೆಗ್ಯುಲೇಟರ್) ಕೊಟ್ಟು ನಿಧಾನವಾಗಿ ಮೇಲೆ ತಂದೆ. 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ಬೋಟಿನ ಏಣಿ ಹಿಡಿದಾಗ ಅವರು ಮೆಲ್ಲಗೆ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಎಲ್ಲಾರೂ ನಗ್ತಾರ್ರೀ ಸರ, ಅದಕ್ಕ ಹೇಳಲಿಲ್ಲ."

ಡೈವರುಗಳ ನಡುವೆ ಸಹನೆ ಯಾಕೆ ಬೇಕು ಅಂದರೆ ಇದಕ್ಕೆ. ನಕ್ಕರೆ ಮನಸ್ಸಿಗೆ ಬೇಜಾರಾಗುತ್ತದೆ, ಅಷ್ಟಕ್ಕೇ ನಿಲ್ಲುವುದಿಲ್ಲ. ಗೇಲಿಗೆ ಸಿಕ್ಕವರು ಮುಂದಿನ ಸಲ ಗೇಜು ಮುಚ್ಚಿಡುತ್ತಾರೆ. ಕಿವಿ ನೋಯುತ್ತಿದ್ದರೂ ಓಕೆ ಅನ್ನುತ್ತಾರೆ. ಹೆದರಿಕೆ ಆಗುತ್ತಿದ್ದರೂ ಇಳಿಯುತ್ತಾರೆ. ಜೊತೆಗಾರರ ಹತ್ತಿರ ನಿಜ ಹೇಳಲು ಆಗದವರು, ಗುಂಪಿನಲ್ಲಿದ್ದರೂ ಒಂಟಿಯಾಗಿಯೇ ಡೈವ್ ಮಾಡುತ್ತಿರುತ್ತಾರೆ. ಹಾಗಾಗಿ ನಿಮ್ಮ ಆರು ಜನರಲ್ಲಿ ಮೊದಲು ಒಪ್ಪಬೇಕಾದ ಮಾತು ಇದು: ಯಾರಿಗೆ ಕಡಿಮೆ ಗಾಳಿ ಇದೆಯೋ ಅವರ ಲೆಕ್ಕವೇ ಜೋಡಿಯ ಲೆಕ್ಕ, ಅದರ ಬಗ್ಗೆ ನೀರಲ್ಲೂ ಬೋಟಲ್ಲೂ ಒಂದು ಮಾತೂ ಬರಬಾರದು. ಹಾಗೆಯೇ ಯಾರಾದರೂ ಹೆಬ್ಬೆರಳು ಎತ್ತಿ ಮೇಲೆ ಹೋಗೋಣ ಅಂದರೆ ಡೈವ್ ಅಲ್ಲಿಗೆ ಮುಗಿಯಿತು. ಕಾರಣ ಕೇಳುವ ಹಕ್ಕು ಯಾರಿಗೂ ಇಲ್ಲ. ಗುಹೆಗಳಲ್ಲಿ ಡೈವ್ ಮಾಡುವವರು ಈ ನಿಯಮವನ್ನು ಬಹಳ ಗಟ್ಟಿಯಾಗಿ ಪಾಲಿಸುತ್ತಾರೆ. ಅವರಿಂದ ನಾವೆಲ್ಲ ಕಲಿಯಬೇಕಾದ ಮೊದಲ ಪಾಠ ಅದೇ. (ನಮ್ಮಲ್ಲಿ ಹೆಬ್ಬೆರಳು ಎತ್ತಿದರೆ ಚೆನ್ನಾಗಿದೆ ಅಂತ ಅರ್ಥ. ನೀರಿನೊಳಗೆ ಅದು ಮೇಲೆ ಹೋಗೋಣ ಅಂತ. ಹೊಸಬರು ರೂಢಿಯಲ್ಲಿ ಎತ್ತಿಬಿಡುತ್ತಾರೆ. ಎತ್ತಿದರೆ ಮೇಲೆಯೇ ಹೋಗಿ, ಬೈಯಬೇಡಿ.)

ಈಗ ಪ್ಲೇಟಿನ ವಿಷಯ. ಪ್ರತಿ ಶೈಲಿಯ ಹಿಂದೆಯೂ ಒಂದು ನೀರಿದೆ. 1943ರಲ್ಲಿ ಫ್ರಾನ್ಸಿನಲ್ಲಿ ಕುಸ್ತೋ ಮತ್ತು ಗ್ಯಾನ್ಯಾಂ ಸಿಲಿಂಡರಿನಿಂದ ನೀರೊಳಗೆ ಉಸಿರಾಡುವ ಆಕ್ವಾ ಲಂಗ್ ತಯಾರಿಸಿದಾಗ, ತೇಲಲು ಗಾಳಿ ತುಂಬುವ ಈಗಿನ ಜಾಕೆಟ್ ಇರಲಿಲ್ಲ. ಆಮೇಲೆ ಒಂದೊಂದು ಕಡೆಯವರು ತಮ್ಮ ತಮ್ಮ ನೀರಿಗೆ ತಕ್ಕಂತೆ ಸಾಮಾನು, ರೂಢಿ ಕಟ್ಟಿಕೊಂಡರು. ಇಂಗ್ಲೆಂಡಿನಲ್ಲಿ ನೀರು ತಣ್ಣಗೆ, ಮಂಜು ಮಂಜು. ಅಲ್ಲಿನವರು ದಪ್ಪ ಸೂಟು ಹಾಕಿ, ಒಬ್ಬರಿಗೊಬ್ಬರು ತೀರಾ ಹತ್ತಿರ ಇರುತ್ತಾರೆ. ಬೆಚ್ಚಗಿನ ತಿಳಿ ನೀರಿನಲ್ಲಿ ಪ್ರವಾಸಿಗರಿಗೆ ಕಲಿಸುವವರು ಹಗುರ ಜಾಕೆಟ್, ಎದ್ದು ಕಾಣುವ ಹಳದಿ ಆಕ್ಟೊಪಸ್ ಅನ್ನುವ ಪದ್ಧತಿ ಬೆಳೆಸಿದರು. ನೀವು ಐದು ಜನ ಕಲಿತದ್ದು ಇದನ್ನೇ.

ನಿಮ್ಮ ಗೆಳೆಯರ ಉದ್ದ ಹೋಸು ಬಂದದ್ದು ಅಮೆರಿಕದ ಫ್ಲೋರಿಡಾದ ನೀರೊಳಗಿನ ಗುಹೆಗಳಿಂದ. ಅಲ್ಲಿನ ಇಕ್ಕಟ್ಟಿನಲ್ಲಿ ಇಬ್ಬರು ಅಕ್ಕಪಕ್ಕ ಈಜಲು ಆಗುವುದಿಲ್ಲ. ಒಬ್ಬರ ಹಿಂದೆ ಒಬ್ಬರು ಬರಬೇಕು. ಹಿಂದಿನವರ ಗಾಳಿ ಮುಗಿದರೆ ಗಿಡ್ಡ ಹೋಸು ಸಾಲುವುದಿಲ್ಲ. ಅದಕ್ಕೆ ಎರಡು ಮೀಟರ್. ಈ ಶೈಲಿಯಲ್ಲಿ ಕಷ್ಟದಲ್ಲಿರುವವರಿಗೆ ತಮ್ಮ ಬಾಯಲ್ಲಿರುವ ರೆಗ್ಯುಲೇಟರನ್ನೇ ಕೊಡುತ್ತಾರೆ. ಯಾಕೆಂದರೆ ಅದು ಕೆಲಸ ಮಾಡುತ್ತಿದೆ ಅಂತ ಆ ಕ್ಷಣಕ್ಕೆ ಖಚಿತವಾಗಿ ಗೊತ್ತು. ಗದ್ದದ ಕೆಳಗೆ ರಬ್ಬರ್ ದಾರದಲ್ಲಿ ಕಟ್ಟಿಕೊಂಡ ಇನ್ನೊಂದನ್ನು ತಾವು ಬಾಯಿಗೆ ಹಾಕಿಕೊಳ್ಳುತ್ತಾರೆ. ಒಳ್ಳೆಯ ಯೋಚನೆ. 1990ರ ದಶಕದಲ್ಲಿ ಅಲ್ಲಿನ ಒಂದು ಗುಂಪು ಈ ಪದ್ಧತಿಗೆ ಡೂಯಿಂಗ್ ಇಟ್ ರೈಟ್ ಅಂತ ಹೆಸರಿಟ್ಟಿತು. ಸರಿಯಾಗಿ ಮಾಡೋದು ಅಂತ ಅರ್ಥ. ಹಾಗಾದರೆ ಉಳಿದವರು ಮಾಡೋದು ತಪ್ಪಾ ಅನ್ನುವ ಪ್ರಶ್ನೆ ಹೆಸರಿನೊಳಗೇ ಕೂತಿತ್ತು. ಜಗತ್ತಿನ ಡೈವರುಗಳು ಅದಕ್ಕಾಗಿ ವರ್ಷಗಟ್ಟಲೆ ಕಿತ್ತಾಡಿದರು. ನಿಮ್ಮ ಬೋಟಿನ ಜಗಳ ಅದರದ್ದೇ ಒಂದು ತುಣುಕು.

ನೇತ್ರಾಣಿಯಲ್ಲಿ ತಲೆಯ ಮೇಲೆ ಕಲ್ಲಿನ ಛಾವಣಿ ಇಲ್ಲ. ಅಲ್ಲಿ ಉದ್ದ ಹೋಸು ಬೇಕೇ ಬೇಕು ಅಂತ ಇಲ್ಲ, ಇದ್ದರೆ ತೊಂದರೆಯೂ ಇಲ್ಲ. ತೊಂದರೆ ಇರೋದು ಗೊತ್ತಿಲ್ಲದೆ ಇರುವುದರಲ್ಲಿ. ನಿಮ್ಮ ಗಾಳಿ ಮುಗಿಯಿತು ಅಂತ ಇಟ್ಟುಕೊಳ್ಳಿ. ನೀವು ಅವರ ಪಕ್ಕೆಯಲ್ಲಿ ಹಳದಿ ಆಕ್ಟೊಪಸ್ ಹುಡುಕುತ್ತೀರಿ, ಕಲಿತದ್ದು ಅದನ್ನೇ ತಾನೇ. ಅಲ್ಲಿ ಅದು ಇಲ್ಲ. ಅವರು ಬಾಯಿಂದ ತೆಗೆದು ಮುಖಕ್ಕೆ ಹಿಡಿಯುತ್ತಾರೆ, ನೀವು ಗಾಬರಿಯಲ್ಲಿ ತಳ್ಳುತ್ತೀರಿ. ನಾಲ್ಕು ಸೆಕೆಂಡು ಹೋಯಿತು. ಉಸಿರಿಲ್ಲದವರಿಗೆ ಅದು ಬಹಳ ಉದ್ದ. ಬೋಟಿನಲ್ಲಿ ಕೂತು ಒಂದೇ ಒಂದು ಸಲ ಕೊಟ್ಟು ತೆಗೆದುಕೊಂಡು ಮಾಡಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ. ನಿಮ್ಮ ಗೆಳೆಯರು ನಿಮ್ಮ ಸಾಮಾನು ತಪ್ಪು ಅಂತ ಹೇಳಲು ಹಾಕಿದ ಹೊತ್ತಿನಲ್ಲಿ ಇದನ್ನು ತೋರಿಸಬಹುದಿತ್ತು. ನೀವು ನಗಲು ಹಾಕಿದ ಹೊತ್ತಿನಲ್ಲಿ ಇದನ್ನು ಕೇಳಬಹುದಿತ್ತು.

ನಾವು ಹುಬ್ಬಳ್ಳಿ-ಧಾರವಾಡದವರು, ನಮಗೆ ಇದು ಹೊಸ ವಿಷಯ ಅಲ್ಲ. ಗಂಗೂಬಾಯಿ ಹಾನಗಲ್ಲರು ಕಿರಾನಾ ಘರಾನೆ. ಮಲ್ಲಿಕಾರ್ಜುನ ಮನಸೂರರು ಜೈಪುರ-ಅತ್ರೌಲಿ. ಒಂದರಲ್ಲಿ ಸ್ವರವನ್ನು ಒಂದೊಂದಾಗಿ ನಿಧಾನಕ್ಕೆ ಬಿಡಿಸುತ್ತಾರೆ, ಇನ್ನೊಂದರಲ್ಲಿ ಅಪರೂಪದ ರಾಗ, ಹೆಣೆದುಕೊಂಡ ತಾನು. ಮನಸೂರರು ಮೊದಲು ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಆಮೇಲೆ ಜೈಪುರದ ದಾರಿಗೆ ಬಂದವರು. ಒಂದೇ ಅವಳಿ ನಗರದ ಜನ ಈ ಎಲ್ಲವನ್ನೂ ತಮ್ಮದು ಅಂತ ಕೂತು ಕೇಳಿದರು. ಆದರೆ ಯಾವ ಘರಾನೆಯಾದರೂ ಹಾಡುವ ಮುಂಚೆ ತಂಬೂರಿ ಶ್ರುತಿ ಮಾಡಲೇಬೇಕು. ಡೈವ್‌ಗೆ ಮುಂಚೆ ಬೋಟಿನಲ್ಲಿ ಆಡುವ ಐದು ನಿಮಿಷದ ಮಾತು ಹಾಗೇ. ಎಷ್ಟು ಆಳ, ಎಷ್ಟು ಗಾಳಿಗೆ ವಾಪಸ್ ತಿರುಗುವುದು, ಯಾರ ಜೊತೆ ಯಾರು, ಬೇರೆಯಾದರೆ ಏನು ಮಾಡುವುದು, ಗಾಳಿ ಕೊಡುವುದು ಹೇಗೆ. ಇದಿಷ್ಟು ಒಂದೇ ಶ್ರುತಿಯಲ್ಲಿದ್ದರೆ ಬೆನ್ನ ಮೇಲೆ ಪ್ಲೇಟಿದೆಯೋ ಜಾಕೆಟ್ಟಿದೆಯೋ ಯಾರಿಗೂ ತೊಂದರೆ ಆಗುವುದಿಲ್ಲ. ಕಂಪ್ಯೂಟರ್ ವಾಚುಗಳ ವಿಷಯವೂ ಇದರಲ್ಲೇ ಸೇರಿಸಿ. ಬೇರೆ ಬೇರೆ ಕಂಪನಿಯವು ಒಂದೇ ಡೈವ್‌ಗೆ ಇನ್ನೆಷ್ಟು ಹೊತ್ತು ಕೆಳಗಿರಬಹುದು ಅನ್ನುವುದಕ್ಕೆ ಬೇರೆ ಬೇರೆ ನಿಮಿಷ ತೋರಿಸುತ್ತವೆ. ಕಡಿಮೆ ನಿಮಿಷ ತೋರಿಸುವುದರ ಮಾತು ಕೇಳಿ, ವಾದ ಬೇಡ.

ಕಾಲು ಬಡಿಯುವ ವಿಷಯದಲ್ಲಿ ಮಾತ್ರ ನಿಮ್ಮ ಗೆಳೆಯರ ಮಾತಿಗೆ ಸ್ವಲ್ಪ ಕಿವಿ ಕೊಡಿ ಅಂತ ನನ್ನ ಸಲಹೆ. ಸೈಕಲ್ ತುಳಿದಂತೆ ಮೇಲೆ ಕೆಳಗೆ ಬಡಿದರೆ ತಳದ ಮರಳು ಏಳುತ್ತದೆ. ಹಿಂದೆ ಬರುವವರಿಗೆ ಏನೂ ಕಾಣುವುದಿಲ್ಲ. ಫಿನ್ಸಿನ ತುದಿ ಹವಳಕ್ಕೆ ತಾಗುತ್ತದೆ. ದುಂಡು ಹವಳ ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತದೆ ಅಷ್ಟೇ. ಕಪ್ಪೆಯ ಹಾಗೆ ಮಂಡಿ ಮಡಿಸಿ ಹಿಂದಕ್ಕೆ ತಳ್ಳುವ ರೀತಿ ಕಲಿತರೆ ಮರಳು ಏಳುವುದಿಲ್ಲ, ಗಾಳಿಯೂ ಉಳಿಯುತ್ತದೆ. ತಳದಿಂದ ದೂರ ಇದ್ದಾಗ ಹೇಗೆ ಬೇಕಾದರೂ ಬಡಿಯಿರಿ.

ಆದರೆ ಇದನ್ನು ಹೇಳುವ ರೀತಿ ಒಂದಿದೆ. ಬೋಟಿನಲ್ಲಿ ಎಲ್ಲರ ಎದುರು, ಅದೂ ಮೊದಲ ಸಲ ನೀರಿಗಿಳಿಯಲು ಬಂದ ಹೊಸಬರ ಎದುರು, ನಿಮ್ಮ ಜೊತೆ ಬರೋದು ಅಪಾಯ ಅಂದರೆ ಯಾರು ಕೇಳುತ್ತಾರೆ ಹೇಳಿ? ನಾನು ಪಾಲಿಸುವುದು ಹೀಗೆ. ಡೈವ್ ಮುಗಿದು, ಮೈ ಒರೆಸಿ, ಚಹಾ ಕುಡಿದ ಮೇಲೆ, ಅವರೊಬ್ಬರೇ ಇದ್ದಾಗ ಕೇಳುತ್ತೇನೆ. "ಒಂದು ಮಾತು ಹೇಳ್ಲಾ ರೀ?" ಹೂಂ ಅಂದರೆ ಒಂದೇ ಒಂದು ವಿಷಯ ಹೇಳುತ್ತೇನೆ, ಅದೂ ಕಣ್ಣಾರೆ ಕಂಡದ್ದನ್ನು. ಬ್ಯಾಡ್ರಿ ಅಂದರೆ ಬಿಡುತ್ತೇನೆ. ಜೀವಕ್ಕೆ ಕುತ್ತು ಬರುವ ವಿಷಯವಾದರೆ ಮಾತ್ರ ಕೇಳದೆಯೂ ಹೇಳುತ್ತೇನೆ, ಆಗಲೇ ಹೇಳುತ್ತೇನೆ.

ಸಲಹೆಗಿಂತ ಹೆಚ್ಚು ಜಾಗ್ರತೆ ಬೇಕಾದದ್ದು ಕೈಗೆ. ಬೇರೆಯವರ ಸಾಮಾನಿಗೆ ಹೇಳದೆ ಕೈ ಹಾಕಬೇಡಿ, ಒಳ್ಳೆಯ ಮನಸ್ಸಿನಿಂದಲೂ ಹಾಕಬೇಡಿ. ಒಮ್ಮೆ ನಾನು ಬೋಟಿನ ಅಂಚಿನಲ್ಲಿ ಕೂತು ಇನ್ನೇನು ಹಿಂದಕ್ಕೆ ಉರುಳಬೇಕು, ಪಕ್ಕದಲ್ಲಿದ್ದವರು ಸಹಾಯಕ್ಕೆ ಅಂತ ನನ್ನ ಸಿಲಿಂಡರಿನ ವಾಲ್ವ್ ಮುಟ್ಟಿದರು. ಅದು ಪೂರ್ತಿ ತೆರೆದೇ ಇತ್ತು. ಅವರು ತೆರೆಯುತ್ತಿದ್ದೇನೆ ಅಂತ ಮುಚ್ಚಿ, ಆಮೇಲೆ ಅನುಮಾನ ಬಂದು ಕಾಲು ಸುತ್ತು ಮಾತ್ರ ತೆರೆದರು. ಮೇಲೆ ಎಲ್ಲ ಸರಿ ಇತ್ತು. 12 ಮೀಟರಿಗೆ ಹೋದಾಗ ಉಸಿರು ಎಳೆಯಲು ಬಿಗಿಯಾಯಿತು. ಗೇಜು ನೋಡಿದರೆ ಪ್ರತಿ ಉಸಿರಿಗೂ ಮುಳ್ಳು ಧಸಕ್ಕನೆ ಕೆಳಗೆ ಬಿದ್ದು, ಉಸಿರು ಬಿಟ್ಟಾಗ ಮತ್ತೆ 180ಕ್ಕೆ ಏರುತ್ತಿತ್ತು. ಸಿಲಿಂಡರ್ ತುಂಬ ಗಾಳಿ ಇದ್ದರೂ ಬರುವ ದಾರಿ ಕಿರಿದಾಗಿತ್ತು. ಜೋಡಿಯವರು ಹತ್ತಿರವೇ ಇದ್ದರು, ಸನ್ನೆ ಮಾಡಿದೆ, ತಿರುಗಿಸಿ ತೆರೆದರು. ಅವರು ಹತ್ತು ಮೀಟರ್ ದೂರ ಇದ್ದಿದ್ದರೆ ನಾನು ಮೇಲಕ್ಕೆ ಓಡಬೇಕಿತ್ತು. ಅಂದಿನಿಂದ ನೀರಿಗೆ ಬೀಳುವ ಮುಂಚೆ ಗೇಜು ನೋಡುತ್ತಾ ನಾಲ್ಕು ದೊಡ್ಡ ಉಸಿರು ಎಳೆಯುತ್ತೇನೆ. ಮುಳ್ಳು ಅಲ್ಲಾಡಿದರೆ ವಾಲ್ವ್ ಪೂರ್ತಿ ತೆರೆದಿಲ್ಲ ಅಂತ ಅರ್ಥ. ನಿಮ್ಮ ಆರು ಜನರಿಗೂ ಇದನ್ನು ರೂಢಿ ಮಾಡಿಸಿ.

ಕ್ಯಾಮೆರಾದ ಗೆಳೆಯರ ವಿಷಯಕ್ಕೆ ಬರುತ್ತೇನೆ. ಬೆರಳಿನ ಉಗುರಿನಷ್ಟು ನುಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ಕಲ್ಲಿನ ಸಂದಿಯಲ್ಲಿ ಕೂತಿದ್ದರೆ ಅದರ ಫೋಟೋ ತೆಗೆಯಲು ಹತ್ತು ನಿಮಿಷ ಬೇಕಾಗುತ್ತದೆ. ಅದು ಅವರ ಡೈವ್. ನೀವು ಒಂದು ಸುತ್ತು ಹಾಕಿ ಮೀನಿನ ಹಿಂಡು ನೋಡುವುದು ನಿಮ್ಮ ಡೈವ್. ಇವೆರಡನ್ನು ಒಂದೇ ಜೋಡಿಗೆ ಕಟ್ಟಿ, ನೀರೊಳಗೆ ಮುಖ ಸಿಂಡರಿಸಿದರೆ ಏನು ಬಂತು? ಅವರ ಕಡೆಯಿಂದಲೂ ಕೆಲವು ಮರ್ಯಾದೆ ಬೇಕು. ಕಲ್ಲಿಗೆ ಒರಗಿ ಮಲಗಬಾರದು, ಒಂದು ಬೆರಳನ್ನೂ ಹವಳದ ಮೇಲೆ ಊರಬಾರದು. ಬೇರೆ ಯಾರಾದರೂ ಕಾಯುತ್ತಿದ್ದರೆ ನಾಲ್ಕು ಫೋಟೋ ತೆಗೆದು ಜಾಗ ಬಿಡಬೇಕು. ಚೆನ್ನಾಗಿ ಕಾಣಲಿ ಅಂತ ಪ್ರಾಣಿಯನ್ನು ಕಡ್ಡಿಯಿಂದ ಸರಿಸಬಾರದು. ಎಲ್ಲಕ್ಕಿಂತ ಮುಖ್ಯ, ನಾಲ್ಕೈದು ಉಸಿರಿಗೊಮ್ಮೆ ತಲೆ ಎತ್ತಿ ಜೋಡಿ ಎಲ್ಲಿದ್ದಾರೆ ಅಂತ ನೋಡಬೇಕು. ಕಾಣದಿದ್ದರೆ ಒಂದು ನಿಮಿಷ ಸುತ್ತ ಹುಡುಕಿ, ಸಿಗದಿದ್ದರೆ ನಿಧಾನವಾಗಿ ಮೇಲೆ ಬರಬೇಕು. ಇಬ್ಬರೂ ಹೀಗೇ ಮಾಡಿದರೆ ಮೇಲೆ ಸಿಗುತ್ತಾರೆ. ಒಬ್ಬರು ಫೋಟೋ ಬಾಕಿ ಇದೆ ಅಂತ ಕೆಳಗೇ ಉಳಿದರೆ, ಮೇಲಿರುವವರ ಜೀವ ಬಾಯಿಗೆ ಬಂದಿರುತ್ತದೆ.

ಸಿಲಿಂಡರ್ ಬಡಿದು ಸದ್ದು ಮಾಡುವವರ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗದಲ್ಲಿ ಹೋಗುತ್ತದೆ. ಹಾಗಾಗಿ ಯಾವ ದಿಕ್ಕಿನಿಂದ ಬಂತು ಅಂತ ಕಿವಿಗೆ ತಿಳಿಯುವುದಿಲ್ಲ. ಕಂಡ ಮೀನಿಗೆಲ್ಲ ಟಣ್ ಟಣ್ ಅನಿಸಿದರೆ ಹತ್ತು ಜನ ತಿರುಗಿ ತಿರುಗಿ ನೋಡುತ್ತಾರೆ, ಆಮೇಲೆ ನಿಜವಾದ ತೊಂದರೆಗೆ ಬಡಿದಾಗ ಯಾರೂ ನೋಡುವುದಿಲ್ಲ.

ಇನ್ನು ಘಾಟ್. ಇಲ್ಲಿ ಸಹನೆಯ ಮಾತು ಬರುವುದೇ ಇಲ್ಲ, ಯಾಕೆಂದರೆ ಇದು ಶೈಲಿಯ ವಿಷಯ ಅಲ್ಲ. ಒತ್ತಡದಲ್ಲಿ ಉಸಿರಾಡಿದಾಗ ಸಾರಜನಕ ಮೈಯೊಳಗೆ ಕರಗುತ್ತದೆ. ಮೇಲೆ ಬಂದ ಮೇಲೆ ಅದು ಗಂಟೆಗಟ್ಟಲೆ ನಿಧಾನವಾಗಿ ಹೊರಗೆ ಹೋಗುತ್ತಿರುತ್ತದೆ. ಆ ಹೊತ್ತಿನಲ್ಲಿ ಎತ್ತರಕ್ಕೆ ಹೋದರೆ ಸುತ್ತಲಿನ ಒತ್ತಡ ಕಡಿಮೆಯಾಗುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ ಒಳಗೆ ಗುಳ್ಳೆ ಏಳಬಹುದು. ಅದಕ್ಕೇ ವಿಮಾನ ಹತ್ತುವ ಮುಂಚೆ ಒಂದು ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಎರಡು ಅಥವಾ ಜಾಸ್ತಿ ಮಾಡಿದ್ದರೆ 18 ಗಂಟೆ ಕಾಯಿರಿ ಅನ್ನುತ್ತಾರೆ. ಈ ಸೂಚನೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗಿಂತ ಮೇಲಿದೆ, ಧಾರವಾಡ ಇನ್ನೂ ಎತ್ತರ. ಅಂಕೋಲಾ ದಾಟಿ ಅರಬೈಲ್ ಘಾಟ್ ಹತ್ತಿದರೂ ಅಷ್ಟೇ, ಕುಮಟಾದಿಂದ ದೇವಿಮನೆ ಘಾಟಿನಲ್ಲಿ ಶಿರಸಿಗೆ ಹೋದರೂ ಅಷ್ಟೇ. ಮಂಗಳೂರು, ಉಡುಪಿಯವರು ಕರಾವಳಿಯ ರಸ್ತೆಯಲ್ಲೇ ಮನೆ ಸೇರುತ್ತಾರೆ. ನಮಗೆ ಆ ಅನುಕೂಲ ಇಲ್ಲ.

ಇಷ್ಟು ವರ್ಷ ಏನೂ ಆಗಿಲ್ಲವಲ್ಲ ಅಂತ ನೀವು ಅನ್ನಬಹುದು. ಎಲ್ಲರಿಗೂ ಪ್ರತಿ ಸಲವೂ ಆಗುವುದಿಲ್ಲ, ನಿಜ. ಆದರೆ ಆದಾಗ ಗುರುತು ಹಿಡಿಯುವುದು ಕಷ್ಟ. ರಾತ್ರಿ ಮನೆಗೆ ಬಂದು ಮಲಗಿದ ಮೇಲೆ ಭುಜವೋ ಮಂಡಿಯೋ ನೋಯತೊಡಗುತ್ತದೆ. ಕೈ ಜುಮ್ಮೆನ್ನುತ್ತದೆ. ತಲೆ ಸುತ್ತುತ್ತದೆ, ಎಂದೂ ಇಲ್ಲದ ಸುಸ್ತು. ಮನೆಯಲ್ಲಿ ವಾಯು ಇರಬೇಕು ಅಂತ ಎಣ್ಣೆ ಕಾಯಿಸಿ ತಿಕ್ಕುತ್ತಾರೆ. ಹಾಗೆ ಮಾಡಿ ಹೊತ್ತು ಕಳೆಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ, ಇವತ್ತು ಸಮುದ್ರದಲ್ಲಿ ಡೈವ್ ಮಾಡಿದ್ದೆ ಅಂತ ಮೊದಲ ಮಾತಿನಲ್ಲೇ ಹೇಳಿ. ಶುದ್ಧ ಆಮ್ಲಜನಕ ಕೊಡಬೇಕು. ಆಮೇಲೆ ಒತ್ತಡದ ಕೋಣೆಯ ಚಿಕಿತ್ಸೆ ಬೇಕಾಗಬಹುದು.

ಹೀಗೆ ಶೈಲಿಯ ಹೆಸರಿನಲ್ಲಿ ಬಿಟ್ಟುಕೊಡಬಾರದ ಬೇರೆ ಸಂಗತಿಗಳೂ ಇವೆ. ರಾತ್ರಿ ಕುಡಿದು ಬೆಳಗ್ಗೆ ಇಳಿಯೋದು. ನೆಗಡಿ ಇದ್ದು, ಕಿವಿ ಬಿಡದಿದ್ದರೂ ಬಲವಂತವಾಗಿ ಇಳಿಯೋದು. ಉಸಿರು ಕಟ್ಟಿಕೊಂಡು ಮೇಲೆ ಬರೋದು. 10 ಮೀಟರಿನಿಂದ ಮೇಲೆ ಬರುವಷ್ಟರಲ್ಲಿ ಶ್ವಾಸಕೋಶದ ಗಾಳಿ ಎರಡು ಪಟ್ಟು ಹಿಗ್ಗುತ್ತದೆ, ಇದನ್ನು ಮೊದಲ ದಿನವೇ ಕಲಿಸಿರುತ್ತಾರೆ. ಕಲಿತದ್ದಕ್ಕಿಂತ ಆಳಕ್ಕೆ ಬೇರೆಯವರನ್ನು ಎಳೆದುಕೊಂಡು ಹೋಗೋದು. ಇಂಥವನ್ನು ಕಂಡರೆ ಗೆಳೆತನ ಕೆಟ್ಟರೂ ಪರವಾಗಿಲ್ಲ, ನಾನು ಬರಲ್ಲ ಅಂತ ಬೋಟಿನಲ್ಲೇ ಕೂತುಬಿಡಿ.

ಮುಂದಿನ ಸೀಸನ್ನಿಗೆ ನಿಮ್ಮ ಗುಂಪನ್ನು ಹೀಗೆ ಜೋಡಿಸಿ ನೋಡಿ. ಆರು ಜನ ಅಂದರೆ ಮೂರು ಜೋಡಿ. ಜೋಡಿ ಜೋಡಿಯಾಗಿ ಮೇಲೆ ಬರಲು ಆಗುತ್ತದಾ ಅಂತ ಡೈವ್ ಸೆಂಟರಿನವರನ್ನು ಮುಂಚೆಯೇ ಕೇಳಿ. ಒಪ್ಪಿದರೆ ನಿಮ್ಮೊಬ್ಬರ ಗಾಳಿಗೆ ಆರು ಜನ ಏಳಬೇಕಾಗಿಲ್ಲ. ನೀವು ಕ್ಯಾಮೆರಾದ ಗೆಳೆಯರ ಜೊತೆ ಹೋಗಿ. ಹೌದು, ಅವರ ಜೊತೆಗೇ. ಅವರಿಗೆ ಬೇಕಾದ ಚಿಕ್ಕ ಪ್ರಾಣಿಗಳು 10 ಮೀಟರಿನಲ್ಲೂ ಸಿಗುತ್ತವೆ, ಅಲ್ಲಿ ಬೆಳಕೂ ಚೆನ್ನಾಗಿರುತ್ತದೆ. 10 ಮೀಟರಿನಲ್ಲಿ ಒತ್ತಡ ಎರಡೇ ಪಟ್ಟು. ನಿಮಿಷಕ್ಕೆ 20 ಲೀಟರ್ ಅಂತ ಹಿಡಿದರೂ ನಿಮ್ಮ 27 ನಿಮಿಷ 41 ನಿಮಿಷ ಆಗುತ್ತದೆ. ಅವರು ನಿಂತಲ್ಲೇ ನಿಲ್ಲುವುದರಿಂದ ನೀವೂ ಈಜಿ ದಣಿಯುವುದಿಲ್ಲ, ಇನ್ನೂ ನಾಲ್ಕು ನಿಮಿಷ ಸಿಕ್ಕರೂ ಸಿಗಬಹುದು. ನುಡಿಬ್ರಾಂಕ್ ಹುಡುಕಿಕೊಡುವ ಕೆಲಸ ನೀವು ತೆಗೆದುಕೊಳ್ಳಿ. ಎರಡು ಕಣ್ಣಿಗಿಂತ ನಾಲ್ಕು ಕಣ್ಣಿಗೆ ಜಾಸ್ತಿ ಕಾಣುತ್ತದೆ ಅಲ್ವಾ.

ಡೈವ್ ಶನಿವಾರಕ್ಕೆ ಇಟ್ಟುಕೊಳ್ಳಿ. ಶುಕ್ರವಾರ ಕೆಲಸ ಮುಗಿಸಿ ಹೊರಟರೂ ನಡೆಯುತ್ತದೆ, ಆದರೆ ಗಾಡಿ ಓಡಿಸಿದವರು ಸರಿಯಾಗಿ ನಿದ್ದೆ ಮಾಡಿರಬೇಕು. ಎರಡನೇ ಡೈವ್ ಮಧ್ಯಾಹ್ನ 12ಕ್ಕೆ ಮುಗಿದರೆ 18 ಗಂಟೆ ತುಂಬುವುದು ಭಾನುವಾರ ಬೆಳಗ್ಗೆ 6ಕ್ಕೆ. ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ, ಬೆಳಗ್ಗೆ ತಿಂಡಿ ತಿಂದು ಹೊರಡಿ. ಊಟದ ಹೊತ್ತಿಗೆ ಹುಬ್ಬಳ್ಳಿಯಲ್ಲಿರುತ್ತೀರಿ. ಸೋಮವಾರದ ಆಫೀಸಿಗೂ ತೊಂದರೆ ಇಲ್ಲ.

ಅದಕ್ಕೂ ಮುಂಚೆ ಒಂದು ಫೋನ್ ಮಾಡಬೇಕು, ಅದನ್ನು ನೀವೇ ಮಾಡಿ. ಪ್ಲೇಟು ನೋಡಿ ನಕ್ಕಿದ್ದು ತಪ್ಪಾಯ್ತು ಅನ್ನಿ. ಘಾಟಿನ ವಿಷಯದಲ್ಲಿ ನೀನು ಹೇಳಿದ್ದೇ ಸರಿ ಅನ್ನಿ. ಆಮೇಲೆ, ಮಳೆಗಾಲ ಮುಗಿಯುವುದರೊಳಗೆ ಒಂದು ಭಾನುವಾರ ಆರೂ ಜನ ಈಜುಕೊಳಕ್ಕೆ ಬರುತ್ತೇವೆ, ಆ ಉದ್ದ ಹೋಸು ಹೇಗೆ ಕೊಡೋದು, ಹೇಗೆ ತಗೊಳ್ಳೋದು ಅಂತ ನಮಗೆಲ್ಲ ಕಲಿಸಿಕೊಡು ಅಂತ ಕೇಳಿ.